ಮೂರು ಬೆರಳು

ನಿನ್ನೆ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಬಾಯಿ ತೆರೆದೆ. ಜೋಡಿಸಿ ಹಿಡಿದ ಮೂರು ಬೆರಳು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಸಲೀಸಾಗಿ ಹೋದವು. ಒಂದೂವರೆ ತಿಂಗಳ ಹಿಂದೆ ಕಿರುಬೆರಳೂ ಹೋಗುತ್ತಿರಲಿಲ್ಲ. ಇನ್ನು ಸುಮ್ನೆ ಇರಬಾರದು, ಎಲ್ಲರಿಗೂ ಥ್ಯಾಂಕ್ಸ್ ಹೇಳಿಬಿಡಬೇಕು ಅನ್ನಿಸಿತು.

ನಾನು ಘಾಟ್‌ಕೋಪರ್‌ನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುವವನು. ಊರು ಬೈಂದೂರು ಕಡೆ. ಕೆಳಗಿನ ಕೊನೆಯ ಹಲ್ಲು ಹುಳುಕಾಗಿತ್ತು, ಹತ್ತಿರದ ಕ್ಲಿನಿಕ್ಕಿನಲ್ಲಿ ಕೀಳಿಸಿದೆ. ಶುಗರ್ ಇದೆಯಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಇದೆ ಅಂತ ನನಗೂ ಗೊತ್ತಿರಲಿಲ್ಲ. ಮೂರನೇ ದಿನ ದವಡೆ ಕೆಳಗೆ ಬಾತುಕೊಂಡಿತು. ನಾಲ್ಕನೇ ದಿನ ಜ್ವರ. ಬಾಯಿ ಬಿಗಿದುಕೊಂಡಿತು, ಎಂಜಲು ನುಂಗುವುದೂ ಕಷ್ಟವಾಯಿತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ₹60,000 ಡಿಪಾಸಿಟ್ ಕೇಳಿದರು. ನನಗೆ ಇನ್ಶೂರೆನ್ಸ್ ಇಲ್ಲ. ಇದ್ದವರಿಗೂ ಅಡ್ಮಿಟ್ ಆಗದೆ ಮಾಡಿಸಿದ ಹಲ್ಲಿನ ಖರ್ಚು ಹೆಚ್ಚಿನ ಪಾಲಿಸಿಗಳಲ್ಲಿ ಸಿಗುವುದಿಲ್ಲ. ನೋವಿನ ಮಾತ್ರೆ ನುಂಗಿ ಊರಿನ ಬಸ್ಸು ಹತ್ತಲು ಬ್ಯಾಗ್ ಕಟ್ಟಿದ್ದೆ.

ತಡೆದವರು ನಮ್ಮ ಅಡುಗೆ ಭಟ್ಟರು. "ಈ ಮುಖ ಇಟ್ಟುಕೊಂಡು ರಾತ್ರಿಯಿಡೀ ಬಸ್ಸಲ್ಲಿ ಕೂರ್ತೀಯಾ ಮಾರಾಯಾ? ನಡಿ ನಾಯರ್‌ಗೆ" ಅಂದರು. ಬೆಳಗಿನ ಇಡ್ಲಿ ಹಿಟ್ಟು ಹುಡುಗರಿಗೆ ಒಪ್ಪಿಸಿ ನನ್ನ ಜೊತೆ ಲೋಕಲ್ ಹತ್ತಿದರು. ದಾದರ್‌ನಲ್ಲಿ ವೆಸ್ಟರ್ನ್ ಲೈನಿಗೆ ಬದಲಾಯಿಸುವಾಗ ಆ ಸೇತುವೆಯ ನೂಕುನುಗ್ಗಲು ನಿಮಗೆ ಗೊತ್ತಲ್ವಾ? ನನ್ನ ಕೆನ್ನೆಗೆ ಯಾರ ಮೊಣಕೈಯೂ ತಾಗದ ಹಾಗೆ ತಮ್ಮ ಕೈ ಅಡ್ಡ ಹಿಡಿದುಕೊಂಡೇ ನಡೆದರು. ಭಟ್ಟರೇ, ಆ ಕೈಯನ್ನು ನಾನು ಮರೆಯುವುದಿಲ್ಲ.

ಮುಂಬೈ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆ ಮಹಾನಗರಪಾಲಿಕೆಯದು. ಕೇಸ್ ಪೇಪರ್, ಅಂದರೆ ಹೆಸರು ಬರೆಸಿ ಪಡೆಯುವ ಆಸ್ಪತ್ರೆ ಚೀಟಿಯ ಸಾಲು ಉದ್ದವಿತ್ತು. ಆದರೆ ನನ್ನ ಕುತ್ತಿಗೆ ನೋಡಿದ ಒಬ್ಬ ಯುವ ಡಾಕ್ಟರ್ ಸಾಲಿನಿಂದಲೇ ನೇರ ಒಳಗೆ ಕರೆದುಕೊಂಡು ಹೋದರು. ಕೀವು ನಾಲಿಗೆಯ ಕೆಳಗೆ ಹಬ್ಬುತ್ತಿದೆ, ಕುತ್ತಿಗೆಗೆ ಇಳಿದರೆ ಉಸಿರಿನ ದಾರಿಯೇ ಮುಚ್ಚಬಹುದು ಅಂದರು. ಶುಗರ್ 310 ಇತ್ತು. ದವಡೆಯ ಕೆಳಗೆ ಮರಗಟ್ಟಿಸಿ, ಸಣ್ಣದಾಗಿ ಕೊಯ್ದು ಕೀವು ತೆಗೆದರು. ಉಳಿದದ್ದು ಹರಿದುಹೋಗಲಿ ಅಂತ ಒಂದು ರಬ್ಬರ್ ಪಟ್ಟಿ ಇಟ್ಟರು. ನನ್ನ ಕೈ ನಡುಗುತ್ತಿತ್ತು. ಪಕ್ಕದಲ್ಲಿದ್ದ ಸಿಸ್ಟರ್ ನನ್ನ ಹೆಸರು, ಊರು ಓದಿ ಕನ್ನಡದಲ್ಲೇ, "ಹೆದರಬ್ಯಾಡ್ರಿ ಅಣ್ಣಾ, ನಾವ್ ಅದೀವಿ" ಅಂದರು. ವಿಜಯಪುರದವರಂತೆ. ಆ ಹೊತ್ತಿಗೆ ಆ ನಾಲ್ಕು ಮಾತು ಇಂಜೆಕ್ಷನ್‌ಗಿಂತ ಜಾಸ್ತಿ ಕೆಲಸ ಮಾಡಿತು, ಅಕ್ಕಾ. ನಿಮಗೆ ಕೈಮುಗಿದು ನಮಸ್ಕಾರ.

ಕೀವು ಹೋದರೂ ಬಾಯಿ ಬಿಡಲಿಲ್ಲ. ಅದಕ್ಕೆ ಅದೇ ಡಾಕ್ಟರ್ ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡಲು ಕಲಿಸಿದರು. ಮೊದಲ ದಿನ ಆರು ಕಡ್ಡಿ. ಕಣ್ಣಲ್ಲಿ ನೀರು. ಇನ್ನೊಂದನ್ನು ಮೆಲ್ಲಗೆ ನಡುವೆ ತೂರಿಸಿ ಐದು ನಿಮಿಷ ತಡೆದುಕೊಳ್ಳಬೇಕು, ದಿನಕ್ಕೆ ನಾಲ್ಕೈದು ಸಲ. ನಮ್ಮ ಜ್ಯೂಸ್ ಕೌಂಟರಿನ ಹುಡುಗ ಹೊಸ ಕಡ್ಡಿಯ ಕಟ್ಟನ್ನೇ ತಂದುಕೊಟ್ಟ. ಗಲ್ಲೆಯಲ್ಲಿ ಗಿರಾಕಿ ಇಲ್ಲದಾಗ ಬಂದು "ಎಷ್ಟಾಯ್ತು ಅಣ್ಣಾ?" ಅಂತ ಕೇಳುತ್ತಿದ್ದ. ನಿನ್ನೆ ಇಪ್ಪತ್ತೊಂದು ಕಡ್ಡಿ ಅಂದಾಗ ಕುಣಿದೇಬಿಟ್ಟ.

ಔಷಧಿ, ಎಕ್ಸ್‌ರೇ, ಓಡಾಟ ಎಲ್ಲ ಸೇರಿ ನನಗಾದ ಖರ್ಚು ₹4,200. ಅದರಲ್ಲಿ ₹2,500 ಸಪ್ಲೈಯರ್ ಹುಡುಗರು ತಮ್ಮ ಟಿಪ್ಸ್ ಡಬ್ಬಿಯಿಂದ ಕೊಟ್ಟದ್ದು, ಎಲ್ಲ ಹತ್ತು ಇಪ್ಪತ್ತರ ನೋಟುಗಳು. ಧಣಿಗಳು ಹದಿನೆಂಟು ದಿನದ ಸಂಬಳ ಹಿಡಿಯಲಿಲ್ಲ. ಅತ್ತಿಗೆ ಡೊಂಬಿವಲಿಯಿಂದ ದಿನಾ ಗಂಜಿ ತಿಳಿ, ಸೋಸಿದ ಬೇಳೆ ಸಾರು ತಂದು ಸ್ಟ್ರಾದಲ್ಲಿ ಕುಡಿಸಿದರು. ಇವರ ಋಣ ಹೇಗೆ ತೀರಿಸಲಿ?

ಒಂದು ಮಾತು. ಹಲ್ಲು ಕೀಳಿಸಿದ ಮೇಲೆ ಬಾವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಜ್ವರ ಬಂದು ನುಂಗಲು ಕಷ್ಟವಾದರೆ ದಯವಿಟ್ಟು ಮಾತ್ರೆ ನುಂಗಿ ಕಾಯಬೇಡಿ, ಆ ಕ್ಷಣವೇ ಹೊರಡಿ. ದುಡ್ಡಿಲ್ಲ ಅಂತ ನಿಲ್ಲಬೇಡಿ. ಆಮೇಲಿನ ಡ್ರೆಸಿಂಗಿಗೆ ಒಬ್ಬರೇ ಹೋಗಲು ಧೈರ್ಯ ಬರದಿದ್ದರೆ ಹೋಟೆಲಿಗೆ ಬಂದು ಹೇಳಿ. ನನ್ನ ರಜೆ ಮಂಗಳವಾರ. ಕೇಸ್ ಪೇಪರ್ ಸಾಲಿನಲ್ಲಿ ನಿಮ್ಮ ಜೊತೆ ನಾನು ನಿಲ್ಲುತ್ತೇನೆ, ದಾದರ್ ಸೇತುವೆಯ ಮೇಲೆ ಕೈಯೂ ಅಡ್ಡ ಹಿಡಿಯುತ್ತೇನೆ.