ಒಂದೇ ಪಾಠ, ಬೇರೆ ಬೇರೆ ಕಾಳು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬಂತು. ಚರ್ಚುಗಳಲ್ಲಿ ರಜಾ ಬೈಬಲ್ ಶಾಲೆಗೆ ಬಣ್ಣದ ಪೆನ್ಸಿಲ್, ಗೋಂದು, ಚಾರ್ಟ್ ಕೊಳ್ಳುವ ಹೊತ್ತು. ಕೊಳ್ಳುವ ಮುಂಚೆ, ಎಲ್ಲ ವಯಸ್ಸಿನ ಮಕ್ಕಳಿಗೂ ಒಂದೇ ಕೆಲಸ ಕೊಡಬಾರದು ಎಂಬ ಮಾತು ಹೇಳಬೇಕೆನಿಸಿ ಬರೆಯುತ್ತಿದ್ದೇನೆ.

ಕೊಡಗಿನ ಸಿದ್ದಾಪುರ ಕಡೆಯ ಸಣ್ಣ ಚರ್ಚ್ ಸಭೆಯೊಂದರಲ್ಲಿ 11 ವರ್ಷದಿಂದ ಸಂಡೇ ಸ್ಕೂಲ್, ಅಂದರೆ ಮಕ್ಕಳ ಭಾನುವಾರದ ಬೈಬಲ್ ತರಗತಿ, ನಡೆಸುತ್ತಿದ್ದೇನೆ. 17 ಮಕ್ಕಳು, ಒಂದೇ ಕೋಣೆ. ಎಲ್ಲರಿಗಿಂತ ಚಿಕ್ಕವಳಿಗೆ 4 ವರ್ಷ, ದೊಡ್ಡವನಿಗೆ 14. ಹೆಚ್ಚಿನವರು ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು. ಎಲ್ಲರಿಗೂ ಒಂದೇ ಚಿತ್ರ ಹಂಚಿ ಬಣ್ಣ ಹಚ್ಚಿಸುವುದು ನಮ್ಮಲ್ಲಿ ರೂಢಿಯಾಗಿತ್ತು. ಏಳನೇ ತರಗತಿ ದಾಟಿದವರು ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಮನೆಗೆ ಹೋಗಿ ವಿಚಾರಿಸಿದರೆ ಒಬ್ಬಳು, "ಅಲ್ಲಿ ಪಾಪುಗಳ ಕೆಲಸ ಮಾಡಿಸ್ತೀರಿ ಟೀಚರ್" ಎಂದಳು. ಅವಳು ಹೇಳಿದ್ದು ನಿಜ.

ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನಡೆಸಿದವಳು ನಾನು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ 1ರಿಂದ 3ನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂತು, ಅವರವರ ಮೆಟ್ಟಿಲಿನಿಂದ ಕಲಿಯುತ್ತಾರೆ. ವಾರವಿಡೀ ಮಾಡಿದ್ದನ್ನು ಭಾನುವಾರ ಮರೆತದ್ದು ನನ್ನ ತಪ್ಪು.

ಕಳೆದ ವರ್ಷ ಜನವರಿಯಲ್ಲಿ, ಯೇಸು ಹೇಳಿದ ಬಿತ್ತುವವನ ಸಾಮ್ಯ (ದೃಷ್ಟಾಂತ ಕಥೆ) ಹೇಳಿಕೊಡುವಾಗ ಕ್ರಮ ಬದಲಿಸಿದೆ. ಕಥೆ ಎಲ್ಲರಿಗೂ ಒಂದೇ. ಬಿತ್ತಿದ ಬೀಜ ಬಿದ್ದದ್ದು ನಾಲ್ಕು ಕಡೆ: ದಾರಿಯ ಮಗ್ಗುಲು, ಬಂಡೆ, ಮುಳ್ಳು, ಒಳ್ಳೆಯ ನೆಲ. ಫಲ ಕೊಟ್ಟದ್ದು ಒಳ್ಳೆಯ ನೆಲದ್ದು ಮಾತ್ರ. ಆಮೇಲಿನ ಕೆಲಸ ಮಾತ್ರ ಬೇರೆ. ಪುಟ್ಟವರು ಚಪ್ಪಲಿ ಬಿಟ್ಟು ನಾಲ್ಕೂ ಬಗೆಯ ಮಣ್ಣು ತುಳಿದರು. ಅವರ ಕೈಗೆ ಬಿಡಿ ಕಾಳು ಕೊಡಬಾರದು, ಮೂಗಿಗೆ ಹಾಕಿಕೊಳ್ಳುತ್ತವೆ. ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಗಂಟನ್ನೇ ಕೊಟ್ಟೆ. ಮೊಳಕೆ ಬರಲು ಎರಡು ದಿನ ಸಾಕು, ಅವರ ತಾಳ್ಮೆಯೂ ಅಷ್ಟೇ. ನಡುವಿನವರು ನಾಲ್ಕು ತೆಂಗಿನ ಚಿಪ್ಪಿನಲ್ಲಿ ನಾಲ್ಕು ಬಗೆಯ ಮಣ್ಣು ತುಂಬಿ ಅವರೆಕಾಳು ಹಾಕಿ, ವಾರವಾರ ಅಳೆದು ಬರೆದಿಟ್ಟರು.

ದೊಡ್ಡವರಿಗೆ ಕಾಫಿ ಬೀಜ. ಬೂದಿ ಹಚ್ಚಿ ನೆರಳಲ್ಲಿ ಒಣಗಿಸಿದ ರೊಬಸ್ಟಾ ಬೀಜವನ್ನು ಒಬ್ಬ ಹುಡುಗನ ತಂದೆಯೇ ನರ್ಸರಿಯಿಂದ ತಂದುಕೊಟ್ಟರು. ಪಾತಿ ಮಾಡಿ ಹುಲ್ಲು ಹೊದಿಸಿದರು. ಸುಮಾರು 45 ದಿನ ಏನೂ ಕಾಣುವುದಿಲ್ಲ. ಅಷ್ಟು ವಾರವೂ ಆ ಮಕ್ಕಳು ತಪ್ಪದೆ ಬಂದರು, ಹುಲ್ಲು ಸರಿಸಿ ನೋಡಲು. ಮೊಳಕೆ ಬೀಜವನ್ನೇ ಟೋಪಿಯಂತೆ ಹೊತ್ತು ಮೇಲೆದ್ದ ಭಾನುವಾರ, ಬಿಟ್ಟುಹೋಗಿದ್ದ ಹುಡುಗಿಯೂ ಬಂದಿದ್ದಳು.

ಆ ದಿನಗಳಲ್ಲೇ ಎಂಟನೇ ತರಗತಿಯವನೊಬ್ಬ ಕೇಳಿದ: "ನಮ್ಮಪ್ಪ ಸಾಹುಕಾರರ ಬೀಜ ಹೀಗೆ ಬಂಡೆ ಮೇಲೆಲ್ಲ ಚೆಲ್ಲಿದ್ರೆ ಬೈಸ್ಕೊಳ್ತಿದ್ರು. ದೇವರು ಯಾಕೆ ಅಲ್ಲೂ ಬಿತ್ತುತ್ತಾನೆ?" ಬಣ್ಣ ಹಚ್ಚಿಸುತ್ತ ಕೂರಿಸಿದ್ದರೆ ಈ ಪ್ರಶ್ನೆ ಬರುತ್ತಲೇ ಇರಲಿಲ್ಲ. ಅಂದು ನಾನು ಉತ್ತರ ಹೇಳಲಿಲ್ಲ, ಮುಂದಿನ ವಾರದ ಪಾಠವನ್ನೇ ಅವನಿಗೆ ಬಿಟ್ಟುಕೊಟ್ಟೆ.

ವಯಸ್ಸೊಂದನ್ನೇ ಅಳತೆ ಮಾಡಿಕೊಳ್ಳಬಾರದು ಎಂಬುದೂ ಗೊತ್ತಾಯಿತು. ಕೆಲಸ ಹುಡುಕಿ ಅಸ್ಸಾಮಿನಿಂದ ಬಂದ ಕುಟುಂಬದ 12 ವರ್ಷದ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಎಲ್ಲರೆದುರು ವಾಕ್ಯ ಓದು ಎಂದರೆ ಅವನು ಕುಗ್ಗಿಹೋಗುತ್ತಾನೆ. ಪಾತಿ ಕೆಲಸದಲ್ಲಿ ಅವನೇ ಮುಂದಾಳು. ಹಾಗೆಂದು ಅವನನ್ನು ಪುಟ್ಟವರ ಜೊತೆ ಕೂರಿಸಿದರೆ ಮರುವಾರ ಬರುವುದಿಲ್ಲ.

ಪಾಠದ ಪುಸ್ತಕ ಸಿದ್ಧಪಡಿಸುವ ಹಿರಿಯರಲ್ಲಿ ಒಂದು ವಿನಂತಿ. ತರಗತಿಗೊಂದು ಪುಸ್ತಕ ಇರಲಿ, ಪಟ್ಟಣದ ಚರ್ಚುಗಳಿಗೆ ಅದು ಬೇಕು. ತೋಟದ ನಡುವಿನ ಒಂದೇ ಕೋಣೆಯ ಸಂಡೇ ಸ್ಕೂಲಿಗಾಗಿ ಪ್ರತಿ ಪಾಠದ ಕೊನೆಯಲ್ಲಿ ಅರ್ಧ ಪುಟ ಕೊಡಿ. ಇದೇ ಕಥೆಗೆ ಪುಟ್ಟವರ ಕೈಗೆ ಏನು, ದೊಡ್ಡವರ ತಲೆಗೆ ಏನು ಎಂದು ಅದರಲ್ಲಿ ಬರೆದಿರಲಿ.

– ನಿವೃತ್ತ ಶಿಕ್ಷಕಿ, ಸಿದ್ದಾಪುರ, ಕೊಡಗು