ವಿಜ್ಞಾನ ಕಥೆಗಳ ಕಪಾಟಿನ ಬಳಿ ಸಿಕ್ಕ ಗ್ರಂಥಪಾಲಕರಿಗೆ

ಸರ್, ಪತ್ತೇದಾರಿ ಕಾದಂಬರಿಗಳಿಂದ ಬಂದ ನಾನು ಅಂದು ಕೈಗೆತ್ತಿಕೊಂಡದ್ದು ವಿಜ್ಞಾನ ಕಾದಂಬರಿ ಸರಣಿಯೊಂದರ ಮೂರನೇ ಭಾಗ. ನೀವು ಮಾತಿಲ್ಲದೆ ಪುಸ್ತಕದ ಬೆನ್ನಿನ ಮೇಲಿದ್ದ ‘3’ರತ್ತ ಬೆರಳು ತೋರಿದಿರಿ. ಹಲವು ಲೇಖಕರ ಸಂಕಲನವೊಂದನ್ನು ತೆಗೆದು, 15 ಪುಟ ಮೀರದ ಎರಡು ಕಥೆಗಳಿಗೆ ಚೀಟಿ ಇಟ್ಟಿರಿ. ಕಾದಂಬರಿಯಲ್ಲಿ ಹೊಸ ಲೋಕದ ಹೆಸರು, ನಿಯಮಗಳು ತಲೆಗೆ ಹತ್ತುವಷ್ಟರಲ್ಲೇ ಎಷ್ಟೋ ಓದುಗರು ಕೈಬಿಡುತ್ತಾರೆ. ಸಣ್ಣಕಥೆಯಲ್ಲಿ ಆ ಭಾರವಿಲ್ಲ. “ಅಪರಾಧಿ ಯಾರು ಅಂತ ಹುಡುಕಬೇಡಿ, ಈ ಲೋಕದಲ್ಲಿ ಏನು ಬದಲಾಗಿದೆ ನೋಡಿ. ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡಿ, ಮುಂದೆ ತಾನಾಗಿ ಬಿಡಿಸಿಕೊಳ್ಳುತ್ತೆ” ಅಂದಿರಿ. ಎಷ್ಟು ನಿರಾಳವಾಯಿತು! ಬಾಗಿಲು ಹಾಕುವ ಹೊತ್ತಾದರೂ ಮೊದಲ ಭಾಗವನ್ನು ನನ್ನ ಹೆಸರಿಗೆ ಕಾಯ್ದಿರಿಸಿದಿರಿ. ಎರಡೂ ಕಥೆ ಮುಗಿದಿವೆ. ನಾಳೆ ಆ ಮೊದಲ ಭಾಗವನ್ನು ಒಯ್ಯಲು ಬರುತ್ತೇನೆ. ತುಂಬಾ ಧನ್ಯವಾದ.