ಮಂಡಿ ನೋವನ್ನು ಮುಚ್ಚಿಡಬೇಡ

ಮೈಸೂರು

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಫುಟ್‌ಬಾಲ್ ಮ್ಯಾಚ್ ಆಡಿದ ಮಾರನೇ ದಿನ ಬಲಗಾಲಿನ ಮಂಡಿ ಊದಿಕೊಳ್ಳುತ್ತದೆ. ಮೆಟ್ಟಿಲು ಇಳಿಯುವಾಗ ಹಿಡಿದುಕೊಂಡ ಹಾಗಾಗುತ್ತದೆ. ಆದರೂ ಆಟದ ದಿನ ಬಂದರೆ ಎರಡು ಮಾತ್ರೆ ನುಂಗಿ, ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಇಳಿಯುತ್ತೀಯ. ಕೋಚ್‌ಗೆ ಗೊತ್ತಿಲ್ಲ. ಅಮ್ಮನಿಗೆ ಹೇಳಬೇಡ ಮಾವ ಅಂತ ಬೇರೆ ಅಂದೆ. ಎರಡು ತಿಂಗಳು ಕೂತರೆ ಫಾರ್ವರ್ಡ್ ಜಾಗ ಇನ್ನೊಬ್ಬನ ಪಾಲಾಗುತ್ತದೆ ಅನ್ನೋ ಭಯ ನಿನಗೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ನೀನು ಮಾಡುತ್ತಿರುವುದು ಸರಿಯಲ್ಲ ಕಣೋ.

ನೀನಿರುವ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಮಗನೇ ಫುಟ್‌ಬಾಲ್ ಆಟಗಾರ ಡೆನಿಸ್ ಲಾ. ಪ್ರೊವೋಸ್ಟ್ ಸ್ಕೀನ್ಸ್ ಹೌಸ್ ಅನ್ನೋ ಹಳೇ ಮನೆಯ ಹತ್ತಿರ ಅವರ ಪ್ರತಿಮೆ ಇದೆ. 2021ರಲ್ಲಿ ಅವರ ಕಣ್ಣೆದುರಿಗೇ ಅದು ನಿಂತಿತು. ನೀನು ದಿನಾ ಅದರ ಮುಂದೆ ಓಡಾಡುತ್ತಿರಬಹುದು. ಚಿಕ್ಕಂದಿನಿಂದ ನಾನು ಅವರ ಆಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದವನು. ಅದಕ್ಕೇ ಅವರ ಬದುಕಿನ ಎರಡು ಸಂಗತಿ ನಿನಗೆ ಹೇಳಲೇಬೇಕು. ಒಂದು ಕಣ್ಣಿನದು, ಇನ್ನೊಂದು ಮಂಡಿಯದು.

ಲಾ ಹುಟ್ಟಿದ್ದು 1940ರಲ್ಲಿ. ಅಪ್ಪ ಮೀನು ಹಿಡಿಯುವ ದೋಣಿಯಲ್ಲಿ ಕೆಲಸಕ್ಕಿದ್ದರು. ಸೋಮವಾರ ಸಮುದ್ರಕ್ಕೆ ಹೋದರೆ ಮನೆಗೆ ಬರುತ್ತಿದ್ದದ್ದು ಶನಿವಾರವೇ. ಏಳು ಮಕ್ಕಳಲ್ಲಿ ಇವನೇ ಕಿರಿಯವನು. ಚಳಿ ಇಲ್ಲದ ತಿಂಗಳುಗಳಲ್ಲಿ ಬರಿಗಾಲಲ್ಲೇ ಓಡಾಟ. ಮೊದಲ ಫುಟ್‌ಬಾಲ್ ಬೂಟು ಅಂತ ಸಿಕ್ಕಿದ್ದು ನೆರೆಮನೆಯವರು ಹಾಕಿ ಬಿಟ್ಟಿದ್ದು. ಇದೆಲ್ಲದರ ಮೇಲೆ ಹುಡುಗನಿಗೆ ಜೋರಾದ ಮೆಳ್ಳಗಣ್ಣು. ಕನ್ನಡಕ ಹಾಕಿದರೆ ಬೀದಿ ಹುಡುಗರು ಆಡಿಕೊಳ್ಳುತ್ತಿದ್ದರು. ಆಡುವಾಗ ಕನ್ನಡಕ ಹಾಕುವ ಹಾಗಿಲ್ಲ. ಅದಕ್ಕೆ ಒಂದು ಕಣ್ಣು ಮುಚ್ಚಿಕೊಂಡೇ ಚೆಂಡಿನ ಹಿಂದೆ ಓಡುತ್ತಿದ್ದ. ಸುಮ್ನೆ ಯೋಚನೆ ಮಾಡು. ಎತ್ತರದಿಂದ ಬರುವ ಚೆಂಡು ಎಷ್ಟು ದೂರ ಇದೆ ಅಂತ ಒಂದೇ ಕಣ್ಣಿನಲ್ಲಿ ಅಂದಾಜು ಮಾಡಬೇಕು.

1955ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಟೌನ್ ಕ್ಲಬ್ಬಿಗೆ ಹೋದಾಗ ಅವನಿಗೆ 15 ವರ್ಷ. ನರಪೇತಲ, ಮೇಲೆ ಕನ್ನಡಕ. ಇವನು ಎಲ್ಲಿ ಆಡುತ್ತಾನೆ ಅಂತ ಮೊದಲು ಮ್ಯಾನೇಜರ್‌ಗೇ ಅನ್ನಿಸಿತ್ತಂತೆ. ಆಡುವುದನ್ನು ನೋಡಿದ ಮೇಲೆ ಸೇರಿಸಿಕೊಂಡರು. ಅಲ್ಲಿದ್ದಾಗಲೇ ಕಣ್ಣಿನ ಆಪರೇಷನ್ ಆಯಿತು. ಕಣ್ಣು ನೆಟ್ಟಗಾಯಿತು. ಹುಡುಗನ ನಡಿಗೆಯೇ ಬದಲಾಯಿತು ಅನ್ನುತ್ತಾರೆ. 1956ರ ಡಿಸೆಂಬರ್‌ನಲ್ಲಿ, ಇನ್ನೂ 16 ವರ್ಷದವನಾಗಿದ್ದಾಗಲೇ, ದೊಡ್ಡ ತಂಡದಲ್ಲಿ ಆಡಿದ. 18ಕ್ಕೆ ಸ್ಕಾಟ್ಲೆಂಡ್ ಪರ ಇಳಿದು, ವೇಲ್ಸ್ ವಿರುದ್ಧದ ಮೊದಲ ಪಂದ್ಯದಲ್ಲೇ ಗೋಲು ಹೊಡೆದ.

ಅಲ್ಲಿಂದ ಮುಂದಿನದು ನಿನಗೂ ಸ್ವಲ್ಪ ಗೊತ್ತಿರಬೇಕು. 1960ರಲ್ಲಿ 55,000 ಪೌಂಡಿಗೆ ಮ್ಯಾಂಚೆಸ್ಟರ್ ಸಿಟಿ. ಮರುವರ್ಷ ಇಟಲಿಯ ಟೊರಿನೊ. 1962ರಲ್ಲಿ 1,15,000 ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್. ಅಂಗಿಯ ತೋಳಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಓಡುತ್ತಿದ್ದ ರೀತಿ, ತನಗಿಂತ ಎತ್ತರದ ಡಿಫೆಂಡರ್‌ಗಳ ಮೇಲೆ ಎಗರಿ ಹೊಡೆಯುತ್ತಿದ್ದ ಹೆಡರ್ ನೋಡಿ ಅಲ್ಲಿನ ಜನ ರಾಜ ಅಂತಲೇ ಕರೆದರು. 1963-64ರ ಸೀಸನ್ ಒಂದರಲ್ಲೇ 46 ಗೋಲು. 1964ರಲ್ಲಿ ಯುರೋಪಿನ ವರ್ಷದ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ'ಓರ್ ಪ್ರಶಸ್ತಿ ಬಂತು. ಸ್ಕಾಟ್ಲೆಂಡಿನ ಬೇರೆ ಯಾವ ಆಟಗಾರನಿಗೂ ಇವತ್ತಿನವರೆಗೆ ಅದು ಸಿಕ್ಕಿಲ್ಲ.

ಈಗ ಮಂಡಿಯ ವಿಷಯ. ಇದನ್ನು ನಿಧಾನವಾಗಿ ಓದು.

1965ರ ಹೊತ್ತಿಗೆ ಅವರ ಬಲಗಾಲಿನ ಮಂಡಿ ಕೈಕೊಡಲು ಶುರುವಾಗಿತ್ತು. ನೋವು ತಡೆಯೋಕೆ ಕಾರ್ಟಿಸೋನ್ ಇಂಜೆಕ್ಷನ್ ಚುಚ್ಚುತ್ತಿದ್ದರು. ಚುಚ್ಚಿದರೆ ನೋವು ತಗ್ಗುತ್ತದೆ, ಆಡಬಹುದು. ಒಳಗಿನ ಏಟು ಮಾತ್ರ ಬೂದಿ ಮುಚ್ಚಿದ ಕೆಂಡ. ಆಡಿದಷ್ಟೂ ಜಾಸ್ತಿಯೇ ಆಗುತ್ತದೆ. 1968ರ ಜನವರಿಯಲ್ಲಿ ಅವರು ತಜ್ಞ ವೈದ್ಯರೊಬ್ಬರಿಗೆ ತೋರಿಸಿದರು. ಹಿಂದೆ ಆ ಮಂಡಿಗೆ ಮಾಡಿದ್ದ ಆಪರೇಷನ್ ಫಲ ಕೊಟ್ಟಿಲ್ಲ, ಇನ್ನೊಂದು ಆಗಲೇಬೇಕು ಅಂತ ಆ ವೈದ್ಯರು ಕ್ಲಬ್ಬಿಗೆ ಬರೆದರು. ಆ ವರದಿಯನ್ನು ಲಾ ನೋಡಿದ್ದು ವರ್ಷಗಳು ಕಳೆದ ಮೇಲೆ. ಅವರದೇ ಕಾಲು, ಅವರದೇ ನೋವು. ಒಳಗೆ ಏನಾಗಿದೆ ಅನ್ನುವುದು ಮಾತ್ರ ಅವರಿಗೇ ಗೊತ್ತಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

1968ರ ಮೇ 29ರಂದು ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿಯಾದ ಯುರೋಪಿಯನ್ ಕಪ್ ಫೈನಲ್. ವೆಂಬ್ಲಿಯಲ್ಲಿ ಎದುರಾಳಿ ಪೋರ್ಚುಗಲ್ಲಿನ ಬೆನ್ಫಿಕಾ. ಮ್ಯೂನಿಕ್‌ನ ವಿಮಾನ ದುರಂತದಲ್ಲಿ ಯುನೈಟೆಡ್ ತನ್ನ ಹುಡುಗರನ್ನು ಕಳೆದುಕೊಂಡು ಹತ್ತು ವರ್ಷವಾಗಿತ್ತು. ಮ್ಯಾನೇಜರ್ ಮ್ಯಾಟ್ ಬಸ್ಬಿ ಆ ತಂಡವನ್ನು ಮತ್ತೆ ಕಟ್ಟಿದ್ದೇ ಇಂಥ ಒಂದು ರಾತ್ರಿಗಾಗಿ. ಯುನೈಟೆಡ್ 4-1ರಿಂದ ಗೆದ್ದಿತು. ಚಾರ್ಲ್‌ಟನ್ ಎರಡು ಹೊಡೆದರು, ಬೆಸ್ಟ್ ಒಂದು, ಅವತ್ತೇ 19 ತುಂಬಿದ್ದ ಬ್ರಯನ್ ಕಿಡ್ ಇನ್ನೊಂದು. ಲಾ ಆಗ ಮಂಡಿಯ ಆಪರೇಷನ್ ಮಾಡಿಸಿಕೊಂಡು ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಮ್ಯಾಚ್ ನೋಡಿದ್ದು ಟಿವಿಯಲ್ಲಿ.

ಲಾ ಅಂದರೆ ಎಲ್ಲರೂ ಹೇಳುವುದು 1974ರ ಹಿಮ್ಮಡಿ ಗೋಲಿನ ಕಥೆ. ಮತ್ತೆ ಮ್ಯಾಂಚೆಸ್ಟರ್ ಸಿಟಿಗೆ ಹೋಗಿದ್ದವರು ಯುನೈಟೆಡ್‌ನದೇ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಯುನೈಟೆಡ್‌ಗೇ ಗೋಲು ಹೊಡೆದು, ಸಂಭ್ರಮಿಸದೆ ತಲೆ ತಗ್ಗಿಸಿ ಹೊರಗೆ ನಡೆದರು. ಆ ಗೋಲಿನಿಂದಲೇ ಯುನೈಟೆಡ್ ಕೆಳಗಿನ ಡಿವಿಷನ್‌ಗೆ ಇಳಿಯಿತು ಅನ್ನುತ್ತಾರೆ. ಅದು ನಿಜವಲ್ಲ. ಅವತ್ತು ಬೇರೆ ಪಂದ್ಯದಲ್ಲಿ ಬರ್ಮಿಂಗ್‌ಹ್ಯಾಮ್ ತಂಡ ಗೆದ್ದಿದ್ದರಿಂದ ಹೇಗಿದ್ದರೂ ಇಳಿಯುತ್ತಿತ್ತು. ಆ ಕಥೆಗಿಂತ ನನ್ನನ್ನು ಜಾಸ್ತಿ ಕಾಡುವುದು ಆಸ್ಪತ್ರೆಯ ಆ ರಾತ್ರಿಯೇ.

ಆಪರೇಷನ್ ಆದ ಮೇಲೆ ಏನಾಯಿತು ಗೊತ್ತಾ? ಮುಂದಿನ ಸೀಸನ್‌ನಲ್ಲಿ ವಾಪಸ್ ಬಂದ ಲಾ ಯುರೋಪಿಯನ್ ಕಪ್‌ನಲ್ಲಿ 9 ಗೋಲು ಹೊಡೆದರು. ಆ ಸಲ ಆ ಟೂರ್ನಿಯಲ್ಲಿ ಅಷ್ಟು ಗೋಲು ಬೇರೆ ಯಾರೂ ಹೊಡೆಯಲಿಲ್ಲ. ಎರಡು ತಿಂಗಳು ಕೂತರೆ ಜಾಗ ಹೋಗುತ್ತದೆ ಅಂದೆಯಲ್ಲ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಹಾಗಂತ ಮಂಡಿ ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ. ಗಾಯಗಳು ಮತ್ತೆ ಮತ್ತೆ ಬಂದವು. ಯುನೈಟೆಡ್ ಪರ 404 ಪಂದ್ಯ, 237 ಗೋಲು. ಸ್ಕಾಟ್ಲೆಂಡ್ ಪರ 55 ಪಂದ್ಯ, 30 ಗೋಲು. ಕೆನ್ನಿ ಡಾಲ್ಗ್ಲಿಶ್ ಮುಂದೆ ಆ 30ನ್ನು ಮುಟ್ಟಿದರು, ಆದರೆ ಅವರಿಗೆ 102 ಪಂದ್ಯ ಬೇಕಾಯಿತು. ಲಾಗೆ ವಿಶ್ವಕಪ್ ಆಡುವ ಯೋಗ ಬಂದದ್ದು 34ನೇ ವಯಸ್ಸಿನಲ್ಲಿ, ಅದೂ ಒಂದೇ ಪಂದ್ಯ, ಆಫ್ರಿಕಾದ ಜೈರ್ (ಈಗಿನ ಕಾಂಗೊ) ವಿರುದ್ಧ. ಸರಿಯಾದ ಹೊತ್ತಿಗೆ ಆ ಮಂಡಿಗೆ ಚಿಕಿತ್ಸೆ ಸಿಕ್ಕಿದ್ದರೆ ಇನ್ನೆಷ್ಟು ಆಡುತ್ತಿದ್ದರೋ ಅಂತ ನನಗೆ ಈಗಲೂ ಸಂಕಟವಾಗುತ್ತದೆ. 2025ರ ಜನವರಿಯಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಕಣ್ಣನ್ನು ಸರಿಪಡಿಸಿದರು, ದಾರಿ ತೆರೆಯಿತು. ಮಂಡಿಯ ನೋವನ್ನು ಅದುಮಿಟ್ಟರು, ಫೈನಲ್ ಕೈತಪ್ಪಿತು. ಅವರ ಕಾಲದಲ್ಲಿ ಆಟಗಾರನನ್ನು ಕೇಳುವವರು ಕಡಿಮೆ ಇದ್ದರು. ನಿನಗೆ ಆ ಕಷ್ಟ ಇಲ್ಲ. ಯಾರೂ ನಿನಗೆ ಇಂಜೆಕ್ಷನ್ ಚುಚ್ಚಿ ಮೈದಾನಕ್ಕೆ ತಳ್ಳುತ್ತಿಲ್ಲ. ನಿನ್ನ ಮಂಡಿಗೆ ನೀನೇ ಅದನ್ನು ಮಾಡುತ್ತಿದ್ದೀಯ. ಹಾಗೆ ಮಾಡಬೇಡಪ್ಪ.

ಈ ಪತ್ರ ಓದಿದ ಕೂಡಲೇ ಜಿಪಿ, ಅಂದರೆ ನಿಮ್ಮಲ್ಲಿ ಮೊದಲು ನೋಡುವ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ತಗೋ. ಊದುವುದು, ಹಿಡಿದುಕೊಳ್ಳುವುದು, ನುಂಗುವ ಮಾತ್ರೆ, ಎಲ್ಲವನ್ನೂ ಬಿಡಿಸಿ ಹೇಳು. ಪರವಾಗಿಲ್ಲ ಅಂತ ತೇಲಿಸಬೇಡ. ಅವರು ನೋಡಿ ಹೇಳುವವರೆಗೆ ಮ್ಯಾಚ್ ಬೇಡ. ಕೋಚ್‌ಗೆ ನೀನೇ ಬಾಯಿಬಿಟ್ಟು ಹೇಳು. ಬೇರೆಯವರಿಂದ ಗೊತ್ತಾದರೆ ಅವರಿಗೆ ನಿನ್ನ ಮೇಲಿನ ನಂಬಿಕೆ ಹೋಗುತ್ತದೆ. ಅಮ್ಮನಿಗೆ ಭಾನುವಾರದೊಳಗೆ ತಿಳಿಸು. ಇಲ್ಲದಿದ್ದರೆ ನಾನೇ ಅಕ್ಕನಿಗೆ ಹೇಳುತ್ತೇನೆ. ಅದರಲ್ಲಿ ನಿನ್ನ ಮಾತು ನಡೆಸಿಕೊಡಲಾರೆ. ಸ್ಕ್ಯಾನ್ ಮಾಡಿದರೆ ವರದಿಯನ್ನು ಕೇಳಿ ನಿನ್ನ ಕೈಗೇ ತಗೋ, ಕೂತು ಓದು, ಅರ್ಥವಾಗದ್ದನ್ನು ಡಾಕ್ಟರ್ ಹತ್ತಿರ ನಾಚಿಕೆ ಬಿಟ್ಟು ಕೇಳು. ಆಮೇಲೆ ನನಗೂ ಒಂದು ಪ್ರತಿ ಕಳಿಸು.

ಇಂತಿ ನಿನ್ನ
ಮಾವ